ಗಾಳದ ದಾರದ ಲೆಕ್ಕಾಚಾರ

ಮಳೆ ಬಿಟ್ಟು ಹೊಳೆ ತಿಳಿಯಾಗುತ್ತಿದ್ದ ಹಾಗೆ ನಮ್ಮ ಉಡುಪಿಯ ಗಾಳದವರಲ್ಲಿ ಅದೇ ಜಗಳ: ಗಾಳಕ್ಕೆ ಎಳೆ ಹೆಣೆದು ಮಾಡಿದ ಬ್ರೇಡ್ ದಾರವಾ, ಒಂದೇ ಎಳೆಯ ಪಾರದರ್ಶಕ ಫ್ಲೋರೋಕಾರ್ಬನ್ನಾ? ಎಲ್ಲ ಅಮೆರಿಕದ ಬಾಸ್ ಮೀನಿನ ವಿಡಿಯೋ ನೋಡಿದ ಪ್ರಭಾವ.

ಫ್ಲೋರೋಕಾರ್ಬನ್ ಮೀನಿಗೆ ಕಾಣದು ಎನ್ನುವವರ ಲೆಕ್ಕ ತಪ್ಪಲ್ಲ ಬಿಡಿ. ನೀರಿನ ವಕ್ರೀಭವನ ಸೂಚ್ಯಂಕ (ಬೆಳಕನ್ನು ಬಗ್ಗಿಸುವ ಅಳತೆ) 1.33, ಫ್ಲೋರೋಕಾರ್ಬನ್‌ದು 1.42, ನೈಲಾನ್‌ದು 1.5ರ ಮೇಲೆ. ನೀರಿನ ಅಂಕಿಗೆ ಹತ್ತಿರ ಇರುವುದರಿಂದ ತಿಳಿನೀರಲ್ಲಿ ಫ್ಲೋರೋಕಾರ್ಬನ್ ಕಾಣುವುದು ಕಮ್ಮಿ. ಆದರೆ ಅದು ಮುಳುಗುತ್ತದೆ. ಮೀನನ್ನು ಮರುಳು ಮಾಡಲು ನೀರ ಮೇಲೆ ಆಡಿಸುವ ರಬ್ಬರ್ ಕಪ್ಪೆಗೆ ಕಟ್ಟಿದರೆ ಕಪ್ಪೆಯ ಮೂತಿಯೇ ಕೆಳಗೆ!

ಸ್ವರ್ಣಾ ಹೊಳೆಯಲ್ಲಿ ನಮಗೆ ಬಾಸ್ ಎಲ್ಲಿಂದ ಬರಬೇಕು ಮಾರಾಯ್ರೆ? ಕಳೆಯೊಳಗೆ ಅಡಗುವ ಮುರ್ರೆಲ್ ಮೀನು ಹಿಡಿಯಲು ನನ್ನ ಓಟು ಬ್ರೇಡ್‌ಗೆ. ಅದು ಹಿಗ್ಗುವುದಿಲ್ಲ, ಕಳೆಯನ್ನು ಕೊಯ್ದುಕೊಂಡೇ ಬರುತ್ತದೆ. ಮುರಕಲ್ಲಿನ ಅಂಚಿಗೆ ಉಜ್ಜಿತೋ, ಮುಗಿಯಿತು: ಎಳೆ ಎಳೆ ಬಿಚ್ಚಿ ಬತ್ತಿಯ ಹಾಗೆ ನಿಲ್ಲುತ್ತದೆ. ಅದಕ್ಕೇ ತುದಿಗೆ ಎರಡು ಮೊಳ ದಪ್ಪ ನೈಲಾನ್. ಗಂಟು ಬಿಗಿಯುವ ಮುಂಚೆ ಉಗುಳು ಹಚ್ಚಿ. ಒಣಗಂಟು ಉಜ್ಜಿ ಬಿಸಿಯಾದರೆ ದಾರ ಅಲ್ಲೇ ಸೋಲುತ್ತದೆ.

ಹಿಂದೆ ಅಂಗಡಿಯಲ್ಲಿ "ಗಟ್ಟಿ ಉಂಟಾ ಅಣ್ಣ?" ಅಂತ ಒಂದೇ ಪ್ರಶ್ನೆ ಕೇಳುತ್ತಿದ್ದೆವು. ಈಗ ಎಷ್ಟು ಪೌಂಡು ಭಾರ ತಡೆಯುತ್ತದೆ, ಎಷ್ಟು ಮಿಲಿಮೀಟರು ದಪ್ಪ, ಯಾವ ಬಣ್ಣ ಎಲ್ಲ ಕೇಳಿ, ಕೊನೆಗೆ ಕಿಸೆ ನೋಡಿ ತಗೊಳ್ಳುತ್ತೇವೆ. ಜ್ಞಾನ ಹೆಚ್ಚಿದಷ್ಟೂ ಹೊಳೆಬದಿಗಿಂತ ಅಂಗಡಿಯಲ್ಲೇ ಹೆಚ್ಚು ಹೊತ್ತು ನಿಲ್ಲುವ ಹಾಗಾಗಿದೆ.

ಹಾಂ, ಕತ್ತರಿಸಿದ ತುಂಡುಗಳನ್ನು ದಡದಲ್ಲಿ ಬಿಸಾಡಬೇಡಿ. ಕೊಕ್ಕರೆ ಕಾಲಿಗೆ ಸುತ್ತಿಕೊಂಡರೆ ಬಿಡಿಸುವವರಿಲ್ಲ.