ಹಾಲಿನಣ್ಣ, 10 ರೂ.

ಬೆಳಗ್ಗೆ ಆರಕ್ಕೆ ಅಕ್ಕನ ಮನೆಗೆ ಹೋದರೆ ಅವಳ ಮಗ ಇನ್ನೂ ಗೇಮ್ ಆಡುತ್ತಾ ಕೂತಿದ್ದ. ನಿನ್ನೆ ಬೆಳಗ್ಗೆಯಿಂದ. ಚಿಕ್ಕಮಗಳೂರಿನ ಮಳೆ, ರಾತ್ರಿ ಎರಡು ಸಲ ಕರೆಂಟ್ ಹೋಗಿತ್ತಂತೆ, ಯುಪಿಎಸ್ ಇದ್ದಿದ್ದಕ್ಕೆ ಆಟ ನಿಂತಿಲ್ಲ. ಗೋಡೆಗೆ ಅಂಟಿಸಿದ ನೋಟ್‌ಬುಕ್ ಹಾಳೆಯಲ್ಲಿ ದುಡ್ಡು ಕೊಟ್ಟವರ ಹೆಸರು, ಕೊನೇ ಸಾಲಲ್ಲಿ ನೀಲಿ ಪೆನ್ನಿಂದ ‘ಹಾಲಿನಣ್ಣ, 10 ರೂ.’ ಹೀಗೆ ನಿಲ್ಲಿಸದೆ ಆಡಿ ಅವನು ದುಡ್ಡು ಕೂಡಿಸುತ್ತಿದ್ದದ್ದು ಗೆಳೆಯನ ತಂಗಿಗೆ, ಅವಳು ಆಸ್ಪತ್ರೆಯಲ್ಲಿದ್ದಾಳೆ.

ಆಟ ಯಾಕೆ, ಸುಮ್ನೆ ಕೊಟ್ಟರೆ ಆಗಲ್ವಾ ಅಂತ ಅಕ್ಕ ಕೇಳಿದಳು. ಆದರೆ ಯಾರಾದರೂ ಬಂದು ಕೇಳುವ ತನಕ ನಾವು ಕೊಡುವುದಿಲ್ಲ, ಅಲ್ವಾ? ಡೆಸರ್ಟ್ ಬಸ್ ಅಂತ ಒಂದು ಗೇಮ್ ಇದೆ, ಖಾಲಿ ರಸ್ತೆಯಲ್ಲಿ ಎಂಟು ಗಂಟೆ ಬಸ್ ಓಡಿಸಿದರೆ ಸಿಗುವುದು ಒಂದೇ ಪಾಯಿಂಟ್, ಅದನ್ನೇ ಹಗಲೂ ರಾತ್ರಿ ಆಡಿ ಕೆನಡಾದ ಒಂದು ಗೆಳೆಯರ ಗುಂಪು 2007ರಲ್ಲಿ ಶುರುಮಾಡಿ ವರ್ಷವರ್ಷವೂ ಆಸ್ಪತ್ರೆಯಲ್ಲಿರುವ ಮಕ್ಕಳಿಗಾಗಿ ಹಣ ಕೂಡಿಸುತ್ತಾ ಬಂದಿದೆ. ಒಬ್ಬ ನಿದ್ದೆಗೆಟ್ಟು ಕೂತಿದ್ದಾನೆ ಅಂತ ಗೊತ್ತಾದರೆ ನೋಡುವವರ ಕೈ ಜೇಬಿಗೆ ಹೋಗುತ್ತದೆ.

ಅವನ ಕಣ್ಣು ಮಾತ್ರ ಕೆಂಪಾಗಿತ್ತು, ಅದು ನನಗೆ ಇಷ್ಟವಾಗಲಿಲ್ಲ. ಮುಂದಿನ ಸಲ ಹನ್ನೆರಡು ಗಂಟೆ ಸಾಕು ಕಣೋ ಅಂದೆ.

“ಆಯ್ತು ಮಾಮ, ನೀವೆಷ್ಟು ಬರೀತೀರಾ?” ಅಂತ ಪೆನ್ನು ಕೊಟ್ಟ. ಹಾಲಿನಣ್ಣನ ಕೆಳಗೆ ನನ್ನ ಹೆಸರು ಬರೆದೆ.