ಮಿಲ್ಲೋ ಡಿಫ್ಯೂಸರೋ: ಎಥೆನಾಲ್ ಲೆಕ್ಕ

18 ಜನವರಿ 2025, ಶನಿವಾರ
ಬಾಗಲಕೋಟೆ ಜಿಲ್ಲೆ

ನಮ್ಮ ಕಾರ್ಖಾನೆಯಲ್ಲಿ ಕಬ್ಬು ಹಿಂಡುವ ರೋಲರ್ ಮಿಲ್ಲುಗಳ ಸಾಲಿನ ಕೊನೆಯ ಮಿಲ್ಲಿನಿಂದ ಬರುವ ಬಗಾಸನ್ನು, ಅಂದರೆ ಬಾಯ್ಲರ್‌ಗೆ ಉರುವಲಾಗುವ ಕಬ್ಬಿನ ಸಿಪ್ಪೆಯನ್ನು, ಮುಷ್ಟಿಯಲ್ಲಿ ಹಿಂಡಿ ನೋಡಿದೆ. ಅಂಗೈ ಒದ್ದೆ. ಬಾಯ್ಲರ್ ಫೋರ್‌ಮನ್ ಬೆಳಿಗ್ಗೆಯೇ ಹೇಳಿದ್ದರು, "ಸರ್, ಸಿಪ್ಪಿ ಭಾಳ ಹಸಿ ಬರಾಕತ್ತೈತ್ರಿ." ಲ್ಯಾಬ್ ವರದಿಯಲ್ಲಿ ತೇವಾಂಶ ಶೇ 52.

2023ರ ಡಿಸೆಂಬರ್‌ನಲ್ಲಿ ಕೇಂದ್ರ ಹಾಕಿದ್ದ ತಡೆ ತೆರವಾದ ಮೇಲೆ, ಕಬ್ಬಿನ ಹಾಲಿನಿಂದಲೇ ಎಥೆನಾಲ್ ಮಾಡುವ ಉತ್ಸಾಹ ಎಲ್ಲೆಡೆ ಮರಳಿದೆ. ಜೊತೆಗೆ ಡಿಫ್ಯೂಸರ್ ಮಾತೂ. ಅದರಲ್ಲಿ ಹಿಂಡುವುದಿಲ್ಲ, ನುಣ್ಣಗೆ ಸೀಳಿದ ಕಬ್ಬಿನ ಮೇಲೆ ಬಿಸಿನೀರು, ತೆಳು ಹಾಲು ಸುರಿದು ಸಕ್ಕರೆ ತೊಳೆದು ತೆಗೆಯುವುದು. ರೋಲರ್ ತಿರುಗಿಸುವ ಶಕ್ತಿ ಉಳಿಯುತ್ತದೆ, ಕಾಯಿಸುವ ಹಬೆ ಹೆಚ್ಚು ಬೇಕು. ಹಾಲು ತೆಳುವಾಗುವುದು ಸಕ್ಕರೆಗೆ ತೊಂದರೆ, ಆ ನೀರನ್ನೆಲ್ಲ ಆವಿ ಮಾಡಬೇಕು. ಎಥೆನಾಲ್‌ಗೆ ಅಷ್ಟಿಲ್ಲ, ಯೀಸ್ಟ್‌ಗೆ ತೆಳು ಹಾಲೇ ಬೇಕು. ಇದು ಡಿಫ್ಯೂಸರ್ ಪರವಾದ ಗಟ್ಟಿ ವಾದ, ಒಪ್ಪುತ್ತೇನೆ.

ಮಧ್ಯಾಹ್ನ ಕೂತು ಲೆಕ್ಕ ಹಾಕಿದೆ. ಟನ್ ಕಬ್ಬಿಗೆ ಸುಮಾರು 70 ಲೀಟರ್ ಎಥೆನಾಲ್. ಡಿಫ್ಯೂಸರ್‌ನಿಂದ ಹಾಲು ತೆಗೆಯುವ ಪ್ರಮಾಣ ಶೇ 2 ಏರಿದರೆ 1.4 ಲೀಟರ್ ಹೆಚ್ಚು, ಅಂದರೆ ಸುಮಾರು 7,000 ಕಿಲೋ ಕ್ಯಾಲೊರಿ. ಈಗ ಬಗಾಸ್ ಕಡೆ. ಟನ್ನಿಗೆ 140 ಕಿಲೋ ಒಣ ಪದಾರ್ಥ ಎಂದುಕೊಂಡರೆ, ತೇವ 50ರಿಂದ 52ಕ್ಕೆ ಏರಿದಾಗ ಸುಮಾರು 12 ಕಿಲೋ ಹೆಚ್ಚುವರಿ ನೀರು. ಅದನ್ನು ಬಾಯ್ಲರ್‌ನಲ್ಲಿ ಆವಿ ಮಾಡಲು ಮತ್ತೆ ಅದೇ 7,000!

ಇದನ್ನು ನೋಡಿ ಎದ್ದು ಕೂತೆ. ಹಣದಲ್ಲಿ ಎರಡೂ ಸಮವಲ್ಲ ನಿಜ, 1.4 ಲೀಟರ್ ಎಥೆನಾಲ್ ಎಂದರೆ ಲೀಟರಿಗೆ 65.61ರ ದರದಲ್ಲಿ 92 ರೂಪಾಯಿ, 7,000 ಕಿಲೋ ಕ್ಯಾಲೊರಿ ಎಂದರೆ ಮೂರು-ನಾಲ್ಕು ಕಿಲೋ ಬಗಾಸ್. ಆದರೆ ಶಕ್ತಿಯ ಮಾತಾದರೆ, ಡಿಫ್ಯೂಸರ್ ತಂದರೂ ಅದರಿಂದ ನೀರು ಸುರಿಸುತ್ತಾ ಬರುವ ಸಿಪ್ಪೆಯನ್ನು ಹಿಂಡಲು ಮಿಲ್ ಬೇಕೇ ಬೇಕು. ಅದು ಸರಿ ಹಿಂಡದಿದ್ದರೆ ಗಳಿಸಿದ್ದೆಲ್ಲ ಚಿಮಣಿಗೆ.

ನಮ್ಮಲ್ಲಿ ಇನ್ನೂ ಮಿಲ್ಲುಗಳನ್ನು ಹಳೆಯ ಸಣ್ಣ ಸ್ಟೀಮ್ ಟರ್ಬೈನುಗಳೇ ತಿರುಗಿಸುತ್ತವೆ. ಅದೇ ಹಬೆಯನ್ನು ದೊಡ್ಡ ಟರ್ಬೈನಿಗೆ ಕೊಟ್ಟು, ಮಿಲ್ಲಿಗೆ ಮೋಟರ್ ಹಾಕಿದರೆ ಗ್ರಿಡ್‌ಗೆ ಕೊಡುವಷ್ಟು ವಿದ್ಯುತ್ ಮಿಗುತ್ತದೆ. ಸೋಮವಾರದ ಮೀಟಿಂಗಿನಲ್ಲಿ ಇದನ್ನೇ ಮುಂದಿಡುತ್ತೇನೆ: ಮೊದಲು ಕೊನೆಯ ಮಿಲ್ಲಿನ ರೋಲರ್ ಸೆಟ್ಟಿಂಗ್, ಆಮೇಲೆ ಮೋಟರ್, ಡಿಫ್ಯೂಸರ್ ಚರ್ಚೆ ಹಂಗಾಮು ಮುಗಿದ ಮೇಲೆ.