ಬರೀ ಮಾತಾಡ್ಲಿಕ್ಕೆ ದುಡ್ಡು ಯಾಕೆ ಕೊಡ್ಬೇಕು?

ಮೊನ್ನೆ ಒಂದು ಮದುವೆ ಊಟದ ಪಂಕ್ತಿಯಲ್ಲಿ ಮತ್ತೆ ಅದೇ ಪ್ರಶ್ನೆ ಬಂತು. ಪಕ್ಕದಲ್ಲಿ ಕೂತಿದ್ದವರು ಹಳೆ ಪರಿಚಯದವರು. ಸ್ವರ ತಗ್ಗಿಸಿ ಕೇಳಿದರು. "ನೀವು ಕೌನ್ಸೆಲಿಂಗಿಗೆ ಹೋಗ್ತಿದ್ರಂತೆ, ಹೌದಾ? ಮನೆಯಲ್ಲಿ ಗಂಡ ಇದ್ದಾರೆ, ಮಗಳು ದಿನಾ ಫೋನ್ ಮಾಡ್ತಾಳೆ, ಅಕ್ಕ ಇದ್ದಾರೆ. ಬರೀ ಮಾತಾಡ್ಲಿಕ್ಕೆ ಹೊರಗಿನವರಿಗೆ ದುಡ್ಡು ಯಾಕೆ ಕೊಡ್ಬೇಕು ಮಾರಾಯ್ರೆ?"

ಉಡುಪಿಯಲ್ಲಿ ನನ್ನನ್ನು ಬಲ್ಲ ಹೆಚ್ಚಿನವರು ಒಂದಲ್ಲ ಒಂದು ಸಲ ಇದನ್ನು ಕೇಳಿದ್ದಾರೆ. ಕೆಲವರದ್ದು ಕುತೂಹಲ. ಕೆಲವರು ತಮಗೋಸ್ಕರವೇ ಕೇಳುತ್ತಿರುತ್ತಾರೆ, ಅದು ಅವರ ಮುಖ ನೋಡಿದರೆ ಗೊತ್ತಾಗುತ್ತದೆ. ಪಾಯಸ ಬರುವಷ್ಟರಲ್ಲಿ ಹೇಳಿ ಮುಗಿಸುವ ವಿಷಯ ಇದಲ್ಲ. ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ.

ನಾನು 37 ವರ್ಷ ಬ್ಯಾಂಕಿನಲ್ಲಿ ಕೆಲಸ ಮಾಡಿದೆ. ನಮ್ಮ ಕರಾವಳಿಯಲ್ಲೇ ಹುಟ್ಟಿದ ಬ್ಯಾಂಕು. 2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕ್ ಬರೋಡಾ ಬ್ಯಾಂಕಿನ ಜೊತೆ ಸೇರಿತು. ಮರುವರ್ಷ ಅದೇ ದಿನ ಸಿಂಡಿಕೇಟ್ ಬ್ಯಾಂಕ್ ಕೆನರಾದ ಜೊತೆ, ಕಾರ್ಪೊರೇಶನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನ ಜೊತೆ ಸೇರಿದವು. ಈ ಮೂರರಲ್ಲಿ ಒಂದು ನನ್ನದು. ಸಂಬಳ ನಿಲ್ಲಲಿಲ್ಲ, ಕುರ್ಚಿ ಹೋಗಲಿಲ್ಲ. ಆದರೆ ನಾನು ಯಾರು ಅಂತ ಕೇಳಿದರೆ ಇಷ್ಟು ವರ್ಷ ಹೇಳುತ್ತಿದ್ದ ಹೆಸರು ಬೋರ್ಡಿನಿಂದ ಇಳಿಯಿತು. ಆ ದಿನ ನಾನು ಯಾರ ಹತ್ತಿರವೂ ಏನೂ ಹೇಳಲಿಲ್ಲ.

2021ರ ಮೇ 31ಕ್ಕೆ ನಿವೃತ್ತಿ. ಆಗ ಕೊರೋನಾದ ಎರಡನೇ ಅಲೆಯ ಲಾಕ್‌ಡೌನ್. ಶಾಖೆಯಲ್ಲಿ ಅರ್ಧ ಜನ ಮಾತ್ರ. ಬ್ಯಾಂಕಿನ ತಿಜೋರಿಗೆ ಎರಡು ಕೀಲಿಕೈ ಇರುತ್ತದೆ, ಇಬ್ಬರ ಹತ್ತಿರ ಒಂದೊಂದು. ಇಬ್ಬರೂ ಬಂದರೆ ಮಾತ್ರ ಬಾಗಿಲು ತೆರೆಯುತ್ತದೆ. ನನ್ನ ಹತ್ತಿರ ಇದ್ದ ಕೀಲಿಕೈಯನ್ನು ಇನ್ನೊಬ್ಬ ಅಧಿಕಾರಿಗೆ ಕೊಟ್ಟೆ. ರಿಜಿಸ್ಟರಿನಲ್ಲಿ ಸಮಯ ಬರೆದು ಸಹಿ ಹಾಕಿದೆ. ಸ್ಯಾನಿಟೈಸರ್ ಹಾಕಿ ಕೈ ಒರೆಸಿಕೊಂಡು ಮನೆಗೆ ಬಂದೆ. ಶಾಲು, ಹಾರ, ಫೋಟೋ ಏನೂ ಇಲ್ಲ. ಯಾರ ತಪ್ಪೂ ಅಲ್ಲ. ಆ ದಿನಗಳಲ್ಲಿ ಅದೇ ಸರಿ.

ಮರುದಿನ ಐದೂವರೆಗೆ ಎಚ್ಚರ ಆಯಿತು. ಸ್ನಾನ ಮಾಡಿದೆ, ಸೀರೆ ಉಟ್ಟೆ. ಆಮೇಲೆ ಏನು ಮಾಡಬೇಕು ಅಂತ ಗೊತ್ತಾಗಲಿಲ್ಲ. ಹೀಗೇ ಮಳೆಗಾಲ ಪೂರ್ತಿ ಕಳೆಯಿತು. ರಾತ್ರಿ ಮೂರಕ್ಕೆ ಎಚ್ಚರ ಆದರೆ ಬೆಳಗಾಗುವ ತನಕ ಸುಮ್ನೆ ಮನೆಯ ಮಾಡು ನೋಡುತ್ತಾ ಮಲಗುವುದು. ಹಗಲು ಹೊತ್ತು ಯಾರಾದರೂ ಬಂದರೆ ಸಾಕು ಅನಿಸುತ್ತಿತ್ತು. ಬಂದರೆ ಬೇಗ ಹೋದರೆ ಸಾಕು ಅನಿಸುತ್ತಿತ್ತು.

ಇನ್ನೊಂದು ವಿಷಯ ಇತ್ತು. 22 ವರ್ಷ ನಾನು ಊರಿನ ಹೊರಗಿದ್ದೆ. ಹುಬ್ಬಳ್ಳಿ, ಸೊಲ್ಲಾಪುರ, ನಾಗಪುರ, ಭೋಪಾಲ. ವರ್ಗ ಆದಾಗಲೆಲ್ಲ "ಕೊನೆಗೆ ಊರಿಗೆ ಹೋಗುವುದೇ" ಅಂತ ಧೈರ್ಯ ತಂದುಕೊಳ್ಳುತ್ತಿದ್ದೆ. ಊರಿಗೆ ಬಂದದ್ದೂ ಆಯಿತು. ಒಂದು ದಿನ ತರಕಾರಿ ಅಂಗಡಿಯ ಹುಡುಗ ನನ್ನ ತುಳು ಕೇಳಿ "ನೀವು ಎಲ್ಲಿಯವರು ಅಮ್ಮ?" ಅಂದ. ನಾನು ಹುಟ್ಟಿದ್ದು ಅಲ್ಲಿಂದ ಎರಡು ಕಿಲೋಮೀಟರ್ ದೂರದಲ್ಲಿ. ಮನೆಗೆ ಬಂದು ಬಸಳೆ ಬಿಡಿಸುತ್ತಾ ಅತ್ತೆ.

ಈಗ ಪ್ರಶ್ನೆಗೆ ಬರುತ್ತೇನೆ. ಮನೆಯವರ ಹತ್ತಿರ ಮಾತಾಡಲಿಲ್ಲವಾ? ಮಾತಾಡಿದೆ. ಗಂಡ ಹೇಳಿದರು, "ನಿನಗೆ ಈಗ ಎಂತ ಕಡಿಮೆ ಆಗಿದೆ? ಇಷ್ಟು ವರ್ಷ ದುಡಿದದ್ದು ಸಾಕು." ಮಗಳು ಪುಣೆಯಿಂದ ಟಿಕೆಟ್ ಕಳಿಸಿದಳು, "ಇಲ್ಲಿ ಬಂದು ಎರಡು ತಿಂಗಳು ಇರು ಅಮ್ಮಾ." ಅಕ್ಕ "ಒಮ್ಮೆ ಜೋಯಿಸರ ಹತ್ತಿರ ಪ್ರಶ್ನೆ ಇಡಿಸಿ ನೋಡುವ" ಅಂದಳು. ಎಲ್ಲರದ್ದೂ ಪ್ರೀತಿಯೇ. ಆದರೆ ಅವರೆಲ್ಲರಿಗೂ ನಾನು ಬೇಗ ಸರಿಯಾಗಬೇಕಿತ್ತು. ನಾನು ನೊಂದರೆ ಅವರಿಗೂ ನೋವಾಗುತ್ತದೆ ಅಲ್ವಾ? ಅವರ ಮುಖ ಬಾಡುವುದು ಕಂಡ ಕೂಡಲೇ ನಾನೇ ಮಾತು ತಿರುಗಿಸಿ "ಏನಿಲ್ಲ, ಸರಿಯಾಗ್ತದೆ" ಅನ್ನುತ್ತಿದ್ದೆ. ಹೀಗೆ ಮೂರನೆಯ ವಾಕ್ಯದ ಆಚೆಗೆ ಯಾರ ಹತ್ತಿರವೂ ನನಗೆ ಹೋಗಲಿಕ್ಕೆ ಆಗಲಿಲ್ಲ. ನಾನು ದುಡ್ಡು ಕೊಟ್ಟದ್ದು ಆ ನಾಲ್ಕನೆಯ ವಾಕ್ಯಕ್ಕೆ. ನಾನು ಸರಿಯಾಗಲಿ ಅಂತ ಅವಸರ ಇಲ್ಲದ ಒಬ್ಬರ ಎದುರು ಕೂರಲಿಕ್ಕೆ.

ಮೊದಲು ಹೋದ ಕಡೆ ಅದು ಸಿಗಲಿಲ್ಲ, ಇದನ್ನೂ ಹೇಳಬೇಕು. ಅವರು ಹತ್ತು ನಿಮಿಷ ಕೇಳಿ, ನಲವತ್ತು ನಿಮಿಷ ಬುದ್ಧಿ ಹೇಳಿದರು. ಧ್ಯಾನ ಮಾಡಿ, ವಾಕಿಂಗ್ ಹೋಗಿ, ಹವ್ಯಾಸ ಬೆಳೆಸಿಕೊಳ್ಳಿ. ಎರಡು ಸಲ ಹೋಗಿ ಬಿಟ್ಟೆ. ಕೌನ್ಸೆಲಿಂಗ್ ನನಗಲ್ಲ ಅಂದುಕೊಂಡು ಮತ್ತೆ ಎರಡು ತಿಂಗಳು ಕಳೆದೆ. ಚಪ್ಪಲಿ ಅಳತೆ ಸರಿ ಇಲ್ಲದಿದ್ದರೆ ಬೇರೆ ನೋಡುತ್ತೇವೆ, ನಡೆಯುವುದನ್ನು ಬಿಡುವುದಿಲ್ಲ. ಇದನ್ನು ಆಗ ಯಾರಾದರೂ ನನಗೆ ಹೇಳಬೇಕಿತ್ತು.

ಎರಡನೆಯವರು ಮಣಿಪಾಲದಲ್ಲಿ. ನನ್ನ ಮಗಳಿಗಿಂತ ಸ್ವಲ್ಪ ದೊಡ್ಡವರು. ವಾರಕ್ಕೊಮ್ಮೆ 50 ನಿಮಿಷ, 800 ರೂಪಾಯಿ. ಮೊದಲ ದಿನವೇ ಒಂದು ವಿಷಯ ಸ್ಪಷ್ಟ ಮಾಡಿದರು. ಇಲ್ಲಿ ಹೇಳಿದ್ದು ಹೊರಗೆ ಹೋಗುವುದಿಲ್ಲ. ನಿಮ್ಮ ಜೀವಕ್ಕೋ ಇನ್ನೊಬ್ಬರ ಜೀವಕ್ಕೋ ಅಪಾಯ ಅಂತ ಕಂಡರೆ ಮಾತ್ರ ಬೇರೆಯವರಿಗೆ ತಿಳಿಸಬೇಕಾಗುತ್ತದೆ. ಆಮೇಲೆ ಒಂಬತ್ತು ಪ್ರಶ್ನೆಗಳ ಒಂದು ಹಾಳೆ ಕೊಟ್ಟರು. ಕಳೆದ ಎರಡು ವಾರದಲ್ಲಿ ನಿದ್ದೆ ಹೇಗಿತ್ತು, ಹಸಿವು ಹೇಗಿತ್ತು, ಯಾವುದರಲ್ಲಾದರೂ ಆಸಕ್ತಿ ಇತ್ತಾ. ಒಂಬತ್ತನೆಯದು ಸಾಯುವ ಯೋಚನೆಯ ಬಗ್ಗೆ. ಒಟ್ಟು 27 ಅಂಕ. ನನ್ನದು 9 ಬಂತು. ಇನ್ನೂ ಜಾಸ್ತಿ ಬಂದಿದ್ದರೆ, ಅಥವಾ ಒಂಬತ್ತನೆಯದಕ್ಕೆ ಹೌದು ಅಂದಿದ್ದರೆ, ಮೊದಲು ಮನೋವೈದ್ಯರ ಹತ್ತಿರ ಕಳಿಸುತ್ತಿದ್ದೆ ಅಂದರು. ಮನೋವೈದ್ಯರು ಅಂದರೆ ಎಂಬಿಬಿಎಸ್ ಓದಿದ ಡಾಕ್ಟರು, ಮದ್ದು ಬರೆದು ಕೊಡುತ್ತಾರೆ. ಕೌನ್ಸೆಲರ್ ಮದ್ದು ಕೊಡುವುದಿಲ್ಲ. ಈ ವ್ಯತ್ಯಾಸ ನನಗೆ 60 ವರ್ಷದ ತನಕ ಗೊತ್ತಿರಲಿಲ್ಲ.

ಅಂದು ನಾನು ಮಾತಾಡಿದ್ದು ಮಂಡಿ ನೋವಿನ ಬಗ್ಗೆ. ಅರ್ಧ ಗಂಟೆ. ಅವರು ನಡುವೆ ಬಾಯಿ ಹಾಕಲಿಲ್ಲ.

ಮೂರನೆಯ ವಾರ ಒಂದು ಕೆಲಸ ಕೊಟ್ಟರು. ದಿನಚರಿ ಬರೆಯುವುದು. ಗಂಟೆ ಗಂಟೆಗೆ ಏನು ಮಾಡಿದೆ, ಆಗ ಮನಸ್ಸಿಗೆ ಹೇಗಿತ್ತು, ಹತ್ತರಲ್ಲಿ ಎಷ್ಟು ಅಂಕ. ಲೆಡ್ಜರ್ ಬರೆದ ಕೈಗೆ ಇದು ಸುಲಭ. ಕಾಲಂ ಎಳೆದು ಬರೆದೆ. ಟಿವಿ 3. ವಾಕಿಂಗ್ 5. ಭಜನೆ 5. ಮಗಳ ಫೋನ್ 6, ಫೋನ್ ಇಟ್ಟ ಮೇಲೆ 3. ಒಂದು ಮಂಗಳವಾರ ಸಂಜೆ ನಾಲ್ಕಕ್ಕೆ 8 ಅಂತ ಇತ್ತು. ಅಂದು ಏನಾಗಿತ್ತು? ಪಕ್ಕದ ಮನೆಗೆ ಕೆಲಸಕ್ಕೆ ಬರುವವರ ಗಂಡ ತೀರಿಹೋಗಿದ್ದರು. ಅವರ ಖಾತೆಯ ದುಡ್ಡು ತೆಗೆಯಲು ಏನು ಮಾಡಬೇಕು ಅಂತ ಆಕೆಗೆ ತಿಳಿದಿರಲಿಲ್ಲ. ನಾಮಿನಿ ಅಂದರೆ ಏನು, ಯಾವ ಅರ್ಜಿ, ಮರಣ ಪತ್ರದ ಎಷ್ಟು ಪ್ರತಿ ಅಂತ ಜಗಲಿಯಲ್ಲಿ ಕೂರಿಸಿ ಹೇಳಿದ್ದೆ. ಮುಂದಿನ ವಾರ ಇನ್ನೊಂದು 8. ಅದೂ ಅಂಥದ್ದೇ. ಕೌನ್ಸೆಲರ್ ಆ ಪುಟ ನೋಡಿ ಏನೂ ಹೇಳಲಿಲ್ಲ. ಪುಸ್ತಕ ನನ್ನ ಕಡೆಗೆ ತಿರುಗಿಸಿ ಇಟ್ಟು, "ನೀವೇ ಓದಿ" ಅಂದರು. ಓದಿದೆ.

ಆಗ ಅವರು ಕೇಳಿದ್ದು ಒಂದೇ. "ಈ ಕೆಲಸ ಯಾರು ಮಾಡುವುದನ್ನು ನೀವು ಮೊದಲು ನೋಡಿದ್ದು?"

ನನಗೆ ಪಿಗ್ಮಿ ಮಾಮ ನೆನಪಾದರು. ಪಿಗ್ಮಿ ಠೇವಣಿ ಶುರುವಾದದ್ದು ನಮ್ಮಲ್ಲೇ, 1928ರಲ್ಲಿ. ದಿನಕ್ಕೆ ಎರಡಾಣೆ ಸಾಕಿತ್ತಂತೆ, ಬ್ಯಾಂಕಿನವರೇ ಮನೆಗೆ ಬಂದು ತಕ್ಕೊಂಡು ಹೋಗುತ್ತಿದ್ದರು. ನನ್ನ ಕಾಲಕ್ಕೆ ಅದು ಒಂದು ರೂಪಾಯಿ ಆಗಿತ್ತು. ಅಮ್ಮ ಬೀಡಿ ಕಟ್ಟುತ್ತಿದ್ದಳು. ಓದು ಬರಹ ಬರುತ್ತಿರಲಿಲ್ಲ. ಪಿಗ್ಮಿ ಮಾಮ ಸಂಜೆ ಜಗಲಿಯಲ್ಲಿ ಕೂತು, ಬರೆದದ್ದನ್ನು ಅಮ್ಮನಿಗೆ ಕೇಳುವ ಹಾಗೆ ದೊಡ್ಡದಾಗಿ ಓದುತ್ತಿದ್ದರು. "ಇವತ್ತಿಗೆ ನಿಮ್ಮದು ಇಷ್ಟಾಯ್ತು ನೋಡಿ ಅಕ್ಕ." ಅಮ್ಮ ಬೀಡಿ ಎಲೆಯ ಕತ್ತರಿ ಕೆಳಗಿಟ್ಟು ಕೇಳುತ್ತಿದ್ದಳು. ಆ ಒಂದು ನಿಮಿಷ ಅವಳ ಬೆನ್ನು ನೇರ ಆಗುತ್ತಿತ್ತು. ನಾನು ಬ್ಯಾಂಕಿಗೆ ಸೇರಬೇಕು ಅಂದುಕೊಂಡದ್ದು ಆ ಬೆನ್ನು ನೋಡಿ. ಪ್ರಮೋಷನ್, ವರ್ಗಾವಣೆ, ಟಾರ್ಗೆಟ್ ಅಂತ ಓಡುತ್ತಾ ಇದನ್ನು ಪೂರ್ತಿ ಮರೆತಿದ್ದೆ. ಆ ಕೋಣೆಯಲ್ಲಿ ಹೇಳುತ್ತಾ ಹೇಳುತ್ತಾ ಅದು ಬಾಯಿಗೆ ಬಂತು. ಇದನ್ನು ಮನೆಯಲ್ಲಿ ಹೇಳಬಹುದಿತ್ತು, ನಿಜ. ಆದರೆ ಮನೆಯಲ್ಲಿ ಯಾರೂ ಈ ಪ್ರಶ್ನೆ ಕೇಳಲಿಲ್ಲ, ನನಗೂ ಅದು ಹೊಳೆಯಲಿಲ್ಲ.

2022ರ ಜನವರಿ 18ಕ್ಕೆ ಉಡುಪಿ ಕೃಷ್ಣ ಮಠದ ಪರ್ಯಾಯ ಇತ್ತು. ಅದಮಾರು ಮಠದಿಂದ ಕೃಷ್ಣಾಪುರ ಮಠಕ್ಕೆ. ಎರಡು ವರ್ಷ ಕೃಷ್ಣನ ಪೂಜೆ ಮಾಡಿದ ಸ್ವಾಮಿಗಳು ಮುಂದಿನವರಿಗೆ ಅಕ್ಷಯ ಪಾತ್ರೆ, ಬೆಳ್ಳಿಯ ಸಟ್ಟುಗ, ಕೀಲಿಕೈ ಒಪ್ಪಿಸುತ್ತಾರೆ. ಚಿಕ್ಕಂದಿನಿಂದ ಕಂಡದ್ದೇ. ಆದರೆ ಆ ವರ್ಷ ಕೀಲಿಕೈ ಅಂತ ಕೇಳಿದಾಗ ನನ್ನ ಎದೆ ಹಿಡಿದಂತೆ ಆಯಿತು. ಕೊಡುವುದಕ್ಕೂ ಒಂದು ಮುಹೂರ್ತ, ಒಂದು ಮೆರವಣಿಗೆ, ನೋಡಲು ಇಡೀ ಊರು. ನಾನು ನನ್ನದನ್ನು ಕೊಟ್ಟು ಬಂದದ್ದನ್ನು ಯಾರೂ ನೋಡಿರಲಿಲ್ಲ. ಆ ವಾರ ಕೌನ್ಸೆಲರ್ ಹತ್ತಿರ ಮೇ 31ರ ದಿನವನ್ನು ಮೊದಲಿನಿಂದ ಕೊನೆಯ ತನಕ ಹೇಳಿದೆ. ರಿಜಿಸ್ಟರಿನ ಬಣ್ಣ, ಎದುರು ಕೂತವರ ಮಾಸ್ಕು, ಹೊರಗಿನ ಖಾಲಿ ರಸ್ತೆ. ಪೂರ್ತಿ 50 ನಿಮಿಷ ಬೇಕಾಯಿತು. ಅಂದು ರಾತ್ರಿ ಮೂರಕ್ಕೆ ಎಚ್ಚರ ಆಗಲಿಲ್ಲ.

ಊರಿನವಳು ಅಂತ ಅನಿಸದ ನೋವು ಇಷ್ಟು ಬೇಗ ಹೋಗಲಿಲ್ಲ. ನಮ್ಮ ಕುಟುಂಬದ ಮೂಲಮನೆ ಕಾಪು ಕಡೆ. ವರ್ಷಕ್ಕೊಮ್ಮೆ ಅಲ್ಲಿ ದೈವದ ನೇಮ. ಹೊರಗಿದ್ದಷ್ಟು ವರ್ಷವೂ ರಜೆ ಹಾಕಿ ಬರುತ್ತಿದ್ದೆ. ಬಂದ ಕೂಡಲೇ ಎಲ್ಲರ ಬಾಯಲ್ಲೂ ಎರಡೇ ಮಾತು. "ಏಪ ಬತ್ತಿನಿ? ಏಪ ಪೋಪಿನಿ?" ಯಾವಾಗ ಬಂದದ್ದು, ಯಾವಾಗ ಹೋಗುವುದು. ಇದನ್ನು ಹೇಳಿದಾಗ ಕೌನ್ಸೆಲರ್ "ಅಲ್ಲಿ ನಿಮ್ಮ ಕೆಲಸ ಏನು?" ಅಂತ ಕೇಳಿದರು. ಕೆಲಸವಾ? ಕುರ್ಚಿ ಕೊಡುತ್ತಾರೆ, ಕೂರುತ್ತೇನೆ, ಪ್ರಸಾದ ತಕ್ಕೊಂಡು ಬರುತ್ತೇನೆ. ನಾನು 22 ವರ್ಷ ನೆಂಟರ ಹಾಗೆ ಹೋಗಿ ಬಂದಿದ್ದೆ. ಆ ವರ್ಷ ಹಿಂದಿನ ದಿನವೇ ಹೋದೆ. ಅಡುಗೆಯ ಕೊಟ್ಟಿಗೆಯಲ್ಲಿ ಹೆಂಗಸರ ಜೊತೆ ಕೂತು ಕುಂಬಳಕಾಯಿ ಹೆಚ್ಚಿದೆ, ತೆಂಗಿನಕಾಯಿ ತುರಿದೆ. ಮೊದಲ ಒಂದು ಗಂಟೆ ಎಲ್ಲರಿಗೂ ಸಂಕೋಚ, ನನಗೂ. ನಂತರ ಒಬ್ಬರು "ಇಷ್ಟು ದಪ್ಪ ಹೆಚ್ಚಬಾರದು" ಅಂತ ಗದರಿಸಿದರು. ನೆಂಟರನ್ನು ಯಾರೂ ಗದರಿಸುವುದಿಲ್ಲ ಅಲ್ವಾ? ಆ ಮಾತಿನ ಖುಷಿ ನನಗೆ ಈಗಲೂ ಇದೆ.

ಒಟ್ಟು ಹದಿನಾಲ್ಕು ಸಲ ಹೋದೆ. ಕೊನೆಕೊನೆಗೆ ತಿಂಗಳಿಗೊಮ್ಮೆ. ಈಗ ಬುಧವಾರ ಬೆಳಿಗ್ಗೆ ನಮ್ಮ ವಾರ್ಡಿನ ಮಹಿಳಾ ಮಂಡಲದ ಕಟ್ಟಡದಲ್ಲಿ ಒಂದು ಮೇಜು ಹಾಕಿಕೊಂಡು ಕೂರುತ್ತೇನೆ. ನವೆಂಬರಿನಲ್ಲಿ ಪಿಂಚಣಿದಾರರ ಜೀವನ ಪ್ರಮಾಣ ಪತ್ರದ ಗದ್ದಲ. ಉಳಿದ ದಿನ ನಾಮಿನಿ, ವಿಮೆ, ಗೃಹಲಕ್ಷ್ಮಿಯ ದುಡ್ಡು ಬಾರದ್ದು. ಮಲ್ಪೆಯ ಮೀನು ಮಾರುವ ಹೆಂಗಸರು ಹಳೆ ಬ್ಯಾಂಕಿನ ಹೆಸರಿನ ಪಾಸ್‌ಬುಕ್ ತರುತ್ತಾರೆ. "ಈ ಬ್ಯಾಂಕೇ ಇಲ್ವಂತೆ, ದುಡ್ಡು ಹೋಯ್ತಾ?" ಅಂತ ಕೇಳುತ್ತಾರೆ. ಹೋಗಿಲ್ಲ. ಹತ್ತು ವರ್ಷ ಮುಟ್ಟದ ಖಾತೆಯ ದುಡ್ಡು ರಿಸರ್ವ್ ಬ್ಯಾಂಕಿನ ನಿಧಿಗೆ ಹೋದರೂ ಖಾತೆದಾರರೋ ವಾರಸುದಾರರೋ ಕೇಳಿದರೆ ವಾಪಸು ಕೊಡಲೇಬೇಕು. 2023ರಿಂದ ಉದ್ಗಮ್ ಅನ್ನುವ ಪೋರ್ಟಲಿನಲ್ಲಿ ಹುಡುಕಬಹುದು. ಸಿಕ್ಕಿದ್ದನ್ನು ನಾನು ದೊಡ್ಡದಾಗಿ ಓದಿ ಹೇಳುತ್ತೇನೆ.

ಎಲ್ಲರಿಗೂ 800 ರೂಪಾಯಿ ಕೊಡಲಿಕ್ಕೆ ಆಗುವುದಿಲ್ಲ, ಗೊತ್ತು. ಟೆಲಿ ಮಾನಸ್ ಅನ್ನುವ ಸರ್ಕಾರದ ಸಹಾಯವಾಣಿ 2022ರ ಅಕ್ಟೋಬರ್‌ನಿಂದ ಇದೆ. ನಂಬರ್ 14416. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಜಿಲ್ಲಾ ಆಸ್ಪತ್ರೆಯಲ್ಲೂ ಮನೋವೈದ್ಯರು ಸಿಗುತ್ತಾರೆ. ಖಾಸಗಿಯವರ ಹತ್ತಿರ ಹೋಗುವುದಾದರೆ ಏನು ಓದಿದ್ದೀರಿ, ಎಲ್ಲಿ ತರಬೇತಿ ಆಗಿದೆ ಅಂತ ಕೇಳಿ. ಕೇಳಿದರೆ ಒಳ್ಳೆಯವರು ಬೇಜಾರು ಮಾಡಿಕೊಳ್ಳುವುದಿಲ್ಲ. ಎರಡು ವಾರದ ಮೇಲೆಯೂ ನಿದ್ದೆ, ಊಟ ಸರಿ ಇಲ್ಲದಿದ್ದರೆ ಕಾಯಬೇಡಿ. ಬದುಕುವುದೇ ಬೇಡ ಅನಿಸುತ್ತಿದ್ದರೆ ಇವತ್ತೇ ಫೋನ್ ಮಾಡಿ, ಮನೆಯಲ್ಲಿ ಒಬ್ಬರಿಗಾದರೂ ಹೇಳಿ.

ಕೆಲವರು ನಂಬರ್ ತಕ್ಕೊಳ್ಳುತ್ತಾರೆ, ಆದರೆ ಫೋನ್ ಮಾಡುವುದಿಲ್ಲ. ಯಾಕೆ ಅಂತ ಕೇಳಿದರೆ "ಎಂತ ಹೇಳಿ ಶುರು ಮಾಡುವುದು?" ಅನ್ನುತ್ತಾರೆ. ನಿದ್ದೆ ಬರುವುದಿಲ್ಲ ಅಂತ ಹೇಳಿ. ತಲೆ ನೋವು ಅಂತ ಹೇಳಿ. ನಾನು ಮಂಡಿ ನೋವಿನಿಂದ ಶುರು ಮಾಡಿದ್ದೆ.